ಮನೆ ಶೆಡ್ಡಲ್ಲೇ ಗಾಡಿಯ ಇಸಿಎಂ ಅಪ್‌ಡೇಟ್: ಪಾಸ್‌ಥ್ರೂ ಡಬ್ಬಿಗೆ ನಾಲ್ಕು ಸ್ಟಾರ್, ನನಗೆ ಎರಡು

ಮೊದ್ಲೇ ಹೇಳ್ಬಿಡ್ತೀನಿ, ಇದು ರೀಮ್ಯಾಪ್ ಕತೆ ಅಲ್ಲ. ಪವರ್ ಜಾಸ್ತಿ ಮಾಡ್ಕೊಳ್ಳೋದು, ಇಜಿಆರ್ (ಹೊಗೇಲಿ ಒಂದು ಪಾಲನ್ನ ವಾಪಸ್ ಇಂಜಿನ್ನಿಗೆ ಬಿಡೋ ವ್ಯವಸ್ಥೆ) ಮುಚ್ಚೋದು, ಘಾಟಿ ಮೇಲೆ ಕಪ್ಪು ಹೊಗೆ ಬಿಡೋದು, ಇಂಥದ್ದೇನಾದ್ರೂ ಹುಡುಕ್ತಾ ಬಂದಿದ್ರೆ ಇಲ್ಲಿ ಏನೂ ಸಿಗಲ್ಲ. ಗಾಡಿ ಕಂಪನಿಯವ್ರೇ ಬಿಟ್ಟಿರೋ ಹೊಸ ಸಾಫ್ಟ್‌ವೇರನ್ನ ಸರ್ವಿಸ್ ಸೆಂಟರಿಗೆ ಹೋಗ್ದೆ ಮನೆ ಶೆಡ್ಡಲ್ಲಿ ಕೂತು ಇಂಜಿನ್ನಿನ ಇಸಿಎಂಗೆ, ಅಂದ್ರೆ ಇಂಜಿನ್ ನಡೆಸೋ ಕಂಪ್ಯೂಟರಿಗೆ ಹಾಕ್ದೆ, ಅದಕ್ಕೆ ಅಂತ ತಗೊಂಡ ಸಾಮಾನು, ಮುಖ್ಯವಾಗಿ ಲ್ಯಾಪ್‌ಟಾಪಿಗೂ ಗಾಡಿಗೂ ನಡುವೆ ಕೂರೋ ಪಾಸ್‌ಥ್ರೂ ಡಬ್ಬಿ, ಹೇಗಿದೆ, ದುಡ್ಡಿಗೆ ತಕ್ಕ ಹಾಗಿದ್ಯಾ ಅನ್ನೋದಷ್ಟೇ ಇಲ್ಲಿರೋದು. ಕಂಪನಿ ಹೆಸರು ಹಾಕಲ್ಲ, ಯಾವ ಕಂಪನಿ ಗಾಡಿ ಆದ್ರೂ ಕತೆ ಹೆಚ್ಚುಕಮ್ಮಿ ಹೀಗೇ ಇರುತ್ತೆ.

ನಮ್ಮನೆ ಶಿರಸಿಯಿಂದ ಕುಮಟಾ ರಸ್ತೇಲಿ ಬಂದು ಒಳಗೆ ನಾಲ್ಕು ಕಿಲೋಮೀಟರ್. ಗಾಡಿ 2018ರ ಡೀಸೆಲ್, ಬಿಎಸ್4, ಓಡಿದ್ದು 88 ಸಾವಿರ. ಮಳೆಗಾಲದ ಬೆಳಗ್ಗೆ ಸ್ಟಾರ್ಟ್ ಮಾಡಿದ್ರೆ ಐಡಲ್, ಅಂದ್ರೆ ಆಕ್ಸಿಲರೇಟರ್ ಒತ್ತದೇ ಇದ್ದಾಗಿನ ಇಂಜಿನ್ ವೇಗ, ಒಂದ್ಕಡೆ ನಿಲ್ತಿರ್ಲಿಲ್ಲ, ಮುಳ್ಳು ಮೇಲೆ ಕೆಳಗೆ ಮೇಲೆ ಕೆಳಗೆ, ಬಿಸಿ ಆದ್ಮೇಲೆ ಸರಿ. ಮತ್ತೆ ದೇವಿಮನೆ ಘಟ್ಟದಲ್ಲಿ ತಿರುವು ತಿರುಗಿಸಿ ಸೆಕೆಂಡ್ ಗೇರಲ್ಲಿ ಎಳೆಯೋವಾಗ ಒಂದು ಕ್ಷಣ ಹಿಂದೆ ಮುಂದೆ ನೋಡೋದು, ಆಮೇಲೆ ಹೋಗೋದು. ಎರಡು ವರ್ಷದ ಹಿಂದೆ ಪಿ0401 ಕೋಡ್ ಬಂದಾಗ, ಅಂದ್ರೆ ಇಜಿಆರ್ ಮೂಲಕ ವಾಪಸ್ ಬರೋ ಹೊಗೆ ಸಾಕಾಗ್ತಿಲ್ಲ ಅಂತ, ಶಿರಸಿ ಪೇಟೆಯ ಮೆಕ್ಯಾನಿಕ್ ವಾಲ್ವ್ ಬಿಚ್ಚಿ ತೋರ್ಸಿದ್ದ, ನಮ್ಮನೆ ಬಚ್ಚಲ ಒಲೆ ಬಾಯಲ್ಲೂ ಅಷ್ಟು ಮಸಿ ಇಲ್ಲ. ಕ್ಲೀನ್ ಮಾಡಿ ಹಾಕ್ದ, ಕೋಡ್ ಹೋಯ್ತು, ಐಡಲ್ ಚಾಳಿ ಹೋಗ್ಲಿಲ್ಲ. "ಇದು ಸ್ಪ್ಯಾನರ್ ಕೆಲ್ಸ ಅಲ್ಲ ಮಾರಾಯ್ರೇ, ಸಾಫ್ಟ್‌ವೇರ್ ಹೊಸದು ಬಂದಿರಬಹುದು ನೋಡಿ" ಅಂದ. ಈ ಮಾತಿಗೆ ಅವನಿಗೆ ನಾನು ಋಣಿ, ಬೇರೆಯವ್ರಾಗಿದ್ರೆ ಡೀಸೆಲ್ ಚಿಮ್ಮಿಸೋ ಇಂಜೆಕ್ಟರ್ ಬದಲಾಯಿಸಿ ಅಂತಿದ್ರು.

ಸರ್ವಿಸ್ ಸೆಂಟರ್ ಹುಬ್ಬಳ್ಳಿಲಿ. ಹೋಗೋಕೆ ನೂರು ಕಿಲೋಮೀಟರ್, ಬರೋಕೆ ನೂರು, ಗಾಡಿ ಎರಡು ದಿನ ಬಿಟ್ಟು ಹೋಗಿ ಅಂದ್ರು. ಅದು ಅಡಿಕೆಗೆ ಕೊಳೆಮದ್ದು ಹೊಡೆಸೋ ಹೊತ್ತು, ಮರ ಹತ್ತಿ ಮದ್ದು ಹೊಡೆಯೋ ಕೊನೆಗೌಡ ಬರ್ತೀನಿ ಅಂದ ದಿನ ನಾವು ಮನೇಲಿ ಇಲ್ದಿದ್ರೆ ಮತ್ತೆ ಅವನು ಸಿಗೋದು ಯಾವಾಗಲೋ, ಮಳೆ ಕಾಯುತ್ತಾ? ಅದೂ ಅಲ್ದೆ ನಾನು ಬೆಂಗಳೂರಲ್ಲಿ ಒಂಬತ್ತು ವರ್ಷ ಸಾಫ್ಟ್‌ವೇರ್ ಕೆಲ್ಸ ಮಾಡಿ ಊರಿಗೆ ಬಂದವನು, ಒಂದು ಫೈಲ್ ಕಾಪಿ ಮಾಡೋಕೆ ಹುಬ್ಬಳ್ಳಿಗೆ ಹೋಗ್ಬೇಕಾ ಅನ್ನೋ ಸೊಕ್ಕು ಬೇರೆ ಇತ್ತು. ಆ ಸೊಕ್ಕು ಎಲ್ಲಿ ಇಳೀತು ಅನ್ನೋದು ಮುಂದೆ ಬರುತ್ತೆ.

ಮೊದ್ಲು ಗೊತ್ತಾಗ್ಬೇಕಾಗಿದ್ದು ನನ್ನ ಗಾಡೀಲಿ ಈಗಿರೋ ಸಾಫ್ಟ್‌ವೇರ್ ಯಾವುದು ಅಂತ. ಅದಕ್ಕೆ ದೊಡ್ಡ ಸಾಮಾನೇನೂ ಬೇಡ. ಆನ್‌ಲೈನಲ್ಲಿ ಆರುನೂರು ರೂಪಾಯಿಗೆ ಸಿಗೋ ಬ್ಲೂಟೂತ್ ಒಬಿಡಿ ಬಿಲ್ಲೆ (ಗಾಡಿಯ ಕೋಡ್ ಓದೋ ಸಣ್ಣ ಸಾಮಾನು) ಸಾಕು, ಸ್ಟೇರಿಂಗ್ ಕೆಳಗಿರೋ 16 ಪಿನ್ನಿನ ಸಾಕೆಟ್‌ಗೆ ಸಿಕ್ಕಿಸಿ, ಮೊಬೈಲ್ ಆ್ಯಪಲ್ಲಿ ವೆಹಿಕಲ್ ಇನ್ಫರ್ಮೇಶನ್ ಅಂತ ಇರೋ ಜಾಗ ನೋಡಿ. ಒಬಿಡಿ ಲೆಕ್ಕದಲ್ಲಿ ಅದು ಮೋಡ್ 9. ಅಲ್ಲಿ ಕ್ಯಾಲಿಬ್ರೇಶನ್ ಐಡಿ ಅಂತ ಉದ್ದ ಅಕ್ಷರ ನಂಬರಿನ ಸಾಲು ಬರುತ್ತೆ, ಪಕ್ಕದಲ್ಲೇ ಸಿವಿಎನ್ ಅಂತ ಅದರ ಚೆಕ್‌ಸಮ್, ಅಂದ್ರೆ ಫೈಲ್ ಸರಿ ಇದ್ಯಾ ಅಂತ ತಾಳೆ ನೋಡೋ ನಂಬರ್. ಕ್ಯಾಲಿಬ್ರೇಶನ್ ಅಂದ್ರೆ ಎಷ್ಟು ಚಳಿಗೆ ಎಷ್ಟು ಡೀಸೆಲ್, ಯಾವ ಆರ್‌ಪಿಎಂಗೆ ರೈಲ್ ಪ್ರೆಶರ್ (ಇಂಜೆಕ್ಟರಿಗೆ ಹೋಗೋ ಡೀಸೆಲ್ಲಿನ ಒತ್ತಡ) ಎಷ್ಟು, ಇಜಿಆರ್ ವಾಲ್ವ್ ಯಾವಾಗ ಎಷ್ಟು ತೆಗೀಬೇಕು, ಟರ್ಬೊ ಹೇಗೆ ಅನ್ನೋ ಕೋಷ್ಟಕಗಳ ಕಟ್ಟು. ಇಂಜಿನ್ ಅದೇ, ನಳ ಅದೇ, ಈ ಕೋಷ್ಟಕ ಬದಲಾದ್ರೆ ಗಾಡಿ ಸ್ವಭಾವ ಬದಲಾಗುತ್ತೆ. ನನ್ನ ಐಡಿಯ ಕೊನೆ ಎರಡು ಅಕ್ಷರ ಒಂದು ಥರ, ಕಂಪನಿ ಪಟ್ಟೀಲಿದ್ದ ಹೊಸದರ ಕೊನೆ ಎರಡು ಅಕ್ಷರ ಬೇರೆ ಥರ. ಅಪ್‌ಡೇಟ್ ಇದೆ ಅನ್ನೋದು ಖಾತ್ರಿ ಆಯ್ತು. ಯಾರಾದ್ರೂ ಹಾಕ್ಕೊಡ್ತೀನಿ ಅಂತ ದುಡ್ಡು ಕೇಳಿದ್ರೆ, ಮೊದ್ಲೊಂದು ಆಮೇಲೊಂದು ಈ ಐಡಿಯ ಫೋಟೊ ತೆಗೆದಿಟ್ಕೊಳ್ಳಿ, ನಿಜವಾಗ್ಲೂ ಹಾಕಿದ್ನೋ ಇಲ್ವೋ ಅಲ್ಲೇ ಗೊತ್ತಾಗುತ್ತೆ.

ಆದ್ರೆ ಆ ಬ್ಲೂಟೂತ್ ಬಿಲ್ಲೇಲಿ ಬರೆಯೋಕೆ ಹೋಗ್ಬೇಡಿ. ಎಲ್ಮ್327 ಅಂತ ಪ್ಯಾಕೆಟ್ ಮೇಲೆ ಬರೆದಿರುತ್ತೆ, ಆ ಚಿಪ್ ಮೂಲದಲ್ಲಿ ಮಾಡ್ತಿದ್ದ ಕೆನಡಾದ ಕಂಪನಿ 2022ರಲ್ಲೇ ಬಾಗಿಲು ಹಾಕಿದೆ, ಮಾರ್ಕೆಟಲ್ಲಿ ಓಡಾಡ್ತಿರೋದು ಬಹುಪಾಲು ನಕಲು. ಕೋಡ್ ಓದೋಕೆ ಪರವಾಗಿಲ್ಲ. ಆದ್ರೆ ಬರೆಯೋದು ಅಂದ್ರೆ ಮೊದ್ಲು ಹಳೇದನ್ನ ಪೂರ್ತಿ ಅಳಿಸಿ ಆಮೇಲೆ ತುಂಡು ತುಂಡಾಗಿ ಹೊಸದನ್ನ ಕಳಿಸೋದು, ಒಂದು ತುಂಡು ತಪ್ಪಿದ್ರೂ ಕೊನೇಲಿ ಚೆಕ್‌ಸಮ್ ತಾಳೆ ಆಗಲ್ಲ. ಅದಕ್ಕೆ ಬೇಕಾಗೋದು ಪಾಸ್‌ಥ್ರೂ ಡಬ್ಬಿ, ಜೆ2534 ಅನ್ನೋ ಎಸ್‌ಎಇ (ವಾಹನ ಇಂಜಿನಿಯರುಗಳ ಸಂಘ) ಸ್ಟ್ಯಾಂಡರ್ಡಿಂದು. ಒಂದೊಂದು ಕಂಪನಿಗೆ ಒಂದೊಂದು ಮೆಶಿನ್ ತಗೊಳ್ದೆ ಹೊರಗಿನ ಗ್ಯಾರೇಜಿನವ್ರೂ ಇಸಿಎಂ ಪ್ರೋಗ್ರಾಂ ಮಾಡೋ ಹಾಗಾಗ್ಲಿ ಅಂತ ಬಂದಿದ್ದು ಇದು, ಅಮೆರಿಕದಲ್ಲಿ 2004ರ ಮಾಡೆಲ್‌ನಿಂದ ಹೊಗೆಗೆ ಸಂಬಂಧಪಟ್ಟ ಮಾಡ್ಯೂಲುಗಳಿಗೆ, ಅಂದ್ರೆ ಗಾಡಿಯೊಳಗಿನ ಸಣ್ಣ ಕಂಪ್ಯೂಟರುಗಳಿಗೆ, ಕಡ್ಡಾಯ ಮಾಡಿದ್ರು. ನಮ್ಮಲ್ಲಿ ಎಲ್ಲಾ ಕಂಪನಿಯವ್ರೂ ಹೊರಗಿನವ್ರಿಗೆ ಸಾಫ್ಟ್‌ವೇರ್ ಕೊಡಲ್ಲ. ಹಾಗಾಗಿ ನಿಮ್ಮ ಗಾಡಿಗೆ ಕೊಡ್ತಾರಾ ಅಂತ ಮೊದ್ಲು ಕೇಳ್ಕೊಳ್ಳಿ, ಡಬ್ಬಿ ಆಮೇಲೆ ತಗೊಳ್ಳಿ. ನನ್ನ ಭಾವನ ಸ್ನೇಹಿತರೊಬ್ರು ಉಲ್ಟಾ ಮಾಡಿ ಈಗ ಡಬ್ಬೀನ ಟಿವಿ ಪಕ್ಕ ಇಟ್ಕೊಂಡಿದಾರೆ.

ಈಗ ಡಬ್ಬಿ. ಸೆಕೆಂಡ್‌ಹ್ಯಾಂಡ್ 14 ಸಾವಿರಕ್ಕೆ ಸಿಕ್ತು. ಗಾತ್ರ ಒಂದು ಸೋಪಿನ ಡಬ್ಬಿಯಷ್ಟು, ಒಂದು ತುದೀಲಿ ಒಬಿಡಿ ಪ್ಲಗ್, ಇನ್ನೊಂದು ತುದೀಲಿ ಯುಎಸ್‌ಬಿ. ಪ್ಲಗ್ ಗಟ್ಟಿ ಕೂರುತ್ತೆ, ಟಕ್ ಅಂತ ಶಬ್ದ ಬರೋವರೆಗೆ ಒತ್ಬೇಕು. ಪಿನ್ 16ರಿಂದ ಬ್ಯಾಟರಿ ಕರೆಂಟ್ ತಗೊಳ್ಳುತ್ತೆ, 6 ಮತ್ತು 14ರಲ್ಲಿ ಕ್ಯಾನ್ ವೈರ್, ಮಾಡ್ಯೂಲುಗಳು ಒಂದಕ್ಕೊಂದು ಮಾತಾಡೋ ದಾರಿ. ಹಾಗಾಗಿ ಸಿಕ್ಕಿಸಿದ ತಕ್ಷಣ ಹಸಿರು ಲೈಟ್ ಬಂತಂದ್ರೆ ಅರ್ಧ ಕೆಲ್ಸ ಸರಿ ಇದೆ ಅಂತ. ಡ್ರೈವರ್ ಹಾಕೋದು ಹತ್ತು ನಿಮಿಷ, ವಿಂಡೋಸ್ ಲ್ಯಾಪ್‌ಟಾಪೇ ಆಗ್ಬೇಕು. ಬೇಜಾರು ಅಂದ್ರೆ ಕೇಬಲ್ಲು. ಗಿಡ್ಡ. ಲ್ಯಾಪ್‌ಟಾಪನ್ನ ಡ್ರೈವರ್ ಸೀಟಲ್ಲೇ ಇಡ್ಬೇಕು, ಡಬ್ಬಿ ಬ್ರೇಕ್ ಪೆಡಲ್ ಹತ್ರ ನೇತಾಡುತ್ತೆ, ಕಾಲು ತಾಗಿದ್ರೆ ಮುಗೀತು. ನಾನು ಅಡಿಕೆ ಚೀಲ ಕಟ್ಟೋ ಸುತಳಿ ತಗೊಂಡು ಸ್ಟೇರಿಂಗ್ ಕಾಲಮ್ಮಿಗೆ ಎರಡು ಸುತ್ತು ಬಿಗಿದಿಟ್ಟೆ. ಇಷ್ಟು ದುಡ್ಡಿನ ಸಾಮಾನಿಗೆ ಇನ್ನೊಂದು ಮೀಟರ್ ವೈರ್ ಕೊಡೋಕೆ ಏನು ಧಾಡಿ. ಒಂದು ಸ್ಟಾರ್ ಹೋಗಿದ್ದು ಇದಕ್ಕೇ.

ಸಾಫ್ಟ್‌ವೇರ್ ಸಬ್‌ಸ್ಕ್ರಿಪ್ಶನ್ ನನ್ನ ಗಾಡಿಗೆ ದಿನದ ಲೆಕ್ಕದಲ್ಲಿ ಸಿಕ್ತು, ಒಂದು ದಿನದ್ದು ತಗೊಂಡೆ. ವೆಬ್‌ಸೈಟ್ ಹಳೇ ಕಾಲದ್ದು, ಎರಡು ಸಲ ಲಾಗೌಟ್ ಆಯ್ತು, ಆದ್ರೆ ಚಾಸಿ ನಂಬರ್ ಹಾಕಿದ್ಮೇಲೆ ಸರಿಯಾದ ಫೈಲನ್ನ ತಾನೇ ಹುಡುಕಿ ಕೊಡ್ತು. ಇಲ್ಲಿ ಒಂದು ಒಳ್ಳೇ ವಿಷಯ, ನನ್ನದರಲ್ಲಿ ಫೈಲ್ ಪೂರ್ತಿ ಲ್ಯಾಪ್‌ಟಾಪಿಗೆ ಇಳಿದ ಮೇಲೇ ಗಾಡಿಗೆ ಬರೆಯೋದು ಶುರು. ನಮ್ಮ ಕಡೆ ಮೊಬೈಲ್ ನೆಟ್‌ವರ್ಕ್ ಬೇಕಂದ್ರೆ ಗುಡ್ಡ ಹತ್ಬೇಕು, ಮನೆಗೆ ಫೈಬರ್ ಇದೆ, ಮಳೇಲಿ ಅದರ ಮೇಲೆ ಯಾವ ಮರ ಯಾವಾಗ ಬೀಳುತ್ತೋ. ನಡುವೆ ನೆಟ್ ಹೋದ್ರೆ ಕೆಲ್ಸ ನಿಲ್ಲೋ ಥರದ ಸಾಫ್ಟ್‌ವೇರ್ ಆಗಿದ್ರೆ ನಾನು ಕೈ ಹಾಕ್ತಿರ್ಲಿಲ್ಲ.

ಮೂರನೇ ಸಾಮಾನು ಬ್ಯಾಟರಿ ಸಪೋರ್ಟ್ ಕೊಡೋ ಪವರ್ ಸಪ್ಲೈ, 30 ಆಂಪಿಯರಿಂದು, 9 ಸಾವಿರ. ಇದಕ್ಕೆ ಐದಕ್ಕೆ ಐದು. ಜನ ಡಬ್ಬಿ ಬಗ್ಗೆ ಗಂಟೆಗಟ್ಲೆ ಓದ್ತಾರೆ, ಇದರ ಬಗ್ಗೆ ತಲೆ ಕೆಡಿಸ್ಕೊಳ್ಳಲ್ಲ. ಬರೆಯೋವಾಗ ಕೀ ಆನ್ ಇರುತ್ತೆ, ಇಂಜಿನ್ ಆಫ್, ಅಂದ್ರೆ ಆಲ್ಟರ್ನೇಟರ್ ತಿರುಗ್ತಿಲ್ಲ, ಪೂರ್ತಿ ಭಾರ ಬ್ಯಾಟರಿ ಮೇಲೆ. ತುಂಬಿದ ಬ್ಯಾಟರಿ 12.6 ವೋಲ್ಟ್, 12ಕ್ಕೆ ಬಂತಂದ್ರೆ ಖಾಲಿ ಆದ ಹಾಗೇ. ಅದನ್ನ 13ರಿಂದ 13.5ರ ನಡುವೆ ಅಲ್ಲಾಡದ ಹಾಗೆ ಹಿಡಿದಿಟ್ಕೊಬೇಕು. ಗ್ಯಾರೇಜಲ್ಲಿ ಗುಂಯ್ ಅಂತಿರೋ ಹಳೇ ಚಾರ್ಜರ್ ಹಾಕ್ಬೇಡಿ, ಅದರ ಕರೆಂಟು ಅಲೆ ಅಲೆಯಾಗಿ ಬರುತ್ತೆ, ಇಸಿಎಂಗೆ ಅದು ಆಗಲ್ಲ. ಇದೆಲ್ಲ ಓದ್ಕೊಂಡಿದ್ದೆ, ಸಾಮಾನೂ ಸರಿಯಾದ್ದೇ ತಂದಿದ್ದೆ. ಆದ್ರೂ ಆಗ್ಬೇಕಾದ್ದು ಆಯ್ತು.

ಆವತ್ತು ಶನಿವಾರ, ಬೆಳಗ್ಗೆಯಿಂದ ಒಂದೇ ಸಮ ಮಳೆ. ಬರೆಯೋಕೆ ಮುಂಚೆ ಎಸಿ ಬ್ಲೋವರ್, ಮ್ಯೂಸಿಕ್, ಒಳಗಿನ ಲೈಟು ಎಲ್ಲಾ ಆಫ್ ಮಾಡ್ದೆ. ಇಂಜೆಕ್ಟರ್ ನಾಲ್ಕರ ಮೇಲೂ ಇರೋ ಕೋಡನ್ನ ಡೈರೀಲಿ ಬರ್ಕೊಂಡೆ, ಕೆಲವು ಗಾಡೀಲಿ ಅಪ್‌ಡೇಟ್ ಆದ್ಮೇಲೆ ಅದನ್ನ ವಾಪಸ್ ತುಂಬಬೇಕಾಗುತ್ತೆ. ಜಗುಲಿಯಿಂದ ಎಕ್ಸ್‌ಟೆನ್ಶನ್ ಬಾಕ್ಸ್ ಎಳೆದು ಪವರ್ ಸಪ್ಲೈಗೂ ಲ್ಯಾಪ್‌ಟಾಪಿಗೂ ಹಾಕ್ದೆ, ಮೀಟರ್ 13.4 ತೋರಿಸ್ತು, ಸ್ಟಾರ್ಟ್ ಒತ್ತಿದೆ. ಒತ್ತಿ ಒಂದು ನಿಮಿಷಕ್ಕೆ ಮುಂದಿನ ರೇಡಿಯೇಟರ್ ಫ್ಯಾನ್ ಫುಲ್ ಸ್ಪೀಡಲ್ಲಿ ಶುರು ಆಯ್ತು. ಎದೆ ಧಸಕ್ ಅಂತು. ಆಮೇಲೆ ಗೊತ್ತಾಯ್ತು, ಬರೆಯೋವಾಗ ಇಸಿಎಂ ಮಾತಾಡೋದು ನಿಲ್ಸುತ್ತಲ್ಲ, ಇಂಜಿನ್ ಬಿಸಿ ಎಷ್ಟಿದೆ ಅಂತ ಹೇಳೋರು ಯಾರೂ ಇಲ್ಲ, ಯಾವುದಕ್ಕೂ ಇರ್ಲಿ ಅಂತ ಫ್ಯಾನ್ ಪೂರ್ತಿ ತಿರುಗುತ್ತೆ. ಅದೊಂದೇ 20 ಆಂಪಿಯರ್ ಹತ್ರ ಎಳೆಯೋ ಸಾಮಾನು. ಒಳಗಿಂದ ಆಯಿ (ಅಮ್ಮ) ಬಂದು ನಿಂತ್ರು. "ಇದೆಂತದೋ ತಮಾ, ವಿಮಾನ ಹಾರ್ದಾಂಗೆ ಕೂಗ್ತಲೋ." ನಾನು ಉತ್ತರ ಕೊಡೋ ಸ್ಥಿತೀಲಿ ಇರ್ಲಿಲ್ಲ, ಹಸಿರು ಪಟ್ಟಿ ನೋಡ್ತಿದ್ದೆ, 20, 31, 44. ಭಾವ ಕೊಡೆ ಮಡಚ್ಕೊಂಡು ಬಂದು ಬಾಗಿಲ ಹತ್ರ ನಿಂತಿದ್ದ, ಅವನ ಕೈಲಿ ಕವಳದ (ಎಲೆ ಅಡಿಕೆ) ಸಂಚಿ, ಕ್ರಿಕೆಟ್ ನೋಡೋ ಥರ.

63 ಪರ್ಸೆಂಟ್. ಕರೆಂಟ್ ಹೋಯ್ತು.

ಹೋಗ್ಲಿ, ಬ್ಯಾಟರಿ ಇದ್ಯಲ್ಲ, ಇನ್ನು ಎಂಟು ಹತ್ತು ನಿಮಿಷ ತಡ್ಕೊಳ್ಳುತ್ತೆ ಅಂತ ಮೀಟರ್ ನೋಡ್ದೆ, 12.5, 12.3, ನಿಧಾನ ಇಳೀತಿತ್ತು, ತಡ್ಕೊಳ್ತಾನೂ ಇತ್ತು. ಲ್ಯಾಪ್‌ಟಾಪ್ ಕಡೆ ತಿರುಗಿದ್ರೆ ಸ್ಕ್ರೀನ್ ಕಪ್ಪು. ನಿದ್ದೆ. ಪ್ಲಗ್‌ನಲ್ಲಿ ಇದ್ದಾಗ ಯಾವತ್ತೂ ಮಲಗ್ಬೇಡ ಅಂತ ಸೆಟ್ಟಿಂಗ್ ಹಾಕಿದ್ದೆ, ಬ್ಯಾಟರೀಲಿದ್ದಾಗಿನದು ಐದು ನಿಮಿಷ ಅಂತ ಹಾಗೇ ಬಿಟ್ಟಿದ್ದೆ. ನಾನು ಕೀಬೋರ್ಡ್ ಮುಟ್ಟಿ ಆಗ್ಲೇ ಹದಿನಾಲ್ಕು ನಿಮಿಷ, ಹಾಗಾಗಿ ಕರೆಂಟ್ ಹೋಗಿದ್ದೇ ತಡ ಅದು ತನ್ನ ಲೆಕ್ಕ ನೋಡ್ಕೊಂಡು ತಕ್ಷಣ ಮಲಗಿಬಿಡ್ತು. ಗಾಡಿ ಬ್ಯಾಟರಿಗೆ 9 ಸಾವಿರದ ಸಾಮಾನು ತಂದವನು ಲ್ಯಾಪ್‌ಟಾಪಿನ ಒಂದು ಕ್ಲಿಕ್ ಮರ್ತಿದ್ದೆ. ಎಬ್ಬಿಸಿದ್ರೆ ಡಿವೈಸ್ ಸಿಗ್ತಿಲ್ಲ ಅನ್ನೋ ಕೆಂಪು ಡಬ್ಬ. ಗಾಡೀಲಿ ಇಂಜಿನ್ ಲೈಟೂ ಇಲ್ಲ, ಗ್ಲೋ ಲೈಟೂ ಇಲ್ಲ, ಫ್ಯಾನ್ ಮಾತ್ರ ಕೂಗ್ತಾ ಇದೆ.

ಬೆವರು. ಮಳೇಲೂ ಬೆವರು. ಭಾವ ಕವಳ ಪಕ್ಕಕ್ಕೆ ತಳ್ಳಿ, "ಟೋ ಮಾಡಿ ಹುಬ್ಬಳ್ಳಿಗೆ ತಗೊಂಡು ಹೋಗವು ಹಾಂಗಾರೆ" ಅಂದ, ಸಹಾಯ ಮಾಡೋ ಮನಸ್ಸಿಂದ್ಲೇ ಅಂದಿದ್ದು, ನನಗೆ ಹಂಗ್ ಕೇಳ್ಸಲಿಲ್ಲ.

ಇಲ್ಲಿ ಒಂದು ವಿಷಯ ಗೊತ್ತಿದ್ರೆ ಅರ್ಧ ಭಯ ಹೋಗುತ್ತೆ. ಇಸಿಎಂ ಒಳಗೆ ಬೂಟ್‌ಲೋಡರ್ ಅಂತ ಒಂದು ಸಣ್ಣ ಪ್ರೋಗ್ರಾಂ ಬೇರೆ ಕೋಣೇಲಿ ಇರುತ್ತೆ, ಸಾಮಾನ್ಯವಾಗಿ ಅಪ್‌ಡೇಟ್ ಅದನ್ನ ಮುಟ್ಟಲ್ಲ. ದೊಡ್ಡ ಪ್ರೋಗ್ರಾಂ ಅರ್ಧಕ್ಕೆ ನಿಂತಿದ್ರೆ ಗಾಡಿ ಸ್ಟಾರ್ಟ್ ಆಗಲ್ಲ, ಆದ್ರೆ ಬೂಟ್‌ಲೋಡರ್ ಎಚ್ಚರ ಇದ್ದು ಹೊಸ ಫೈಲಿಗೆ ಕಾಯ್ತಾ ಕೂರುತ್ತೆ. ಹಾಗಾಗಿ ನಿಂತೋಯ್ತು ಅಂದ್ರೆ ಸತ್ತೋಯ್ತು ಅಂತ ಅಲ್ಲ. ಗಾಬರೀಲಿ ಬ್ಯಾಟರಿ ಟರ್ಮಿನಲ್ ಕೀಳೋದು, ಬೇರೆ ಯಾವುದೋ ಫೈಲ್ ಹಾಕಿ ನೋಡೋದು ಮಾಡ್ಬೇಡಿ. ಸಾಫ್ಟ್‌ವೇರ್ ಮತ್ತೆ ತೆಗೆದೆ, ರಿಕವರಿ ಅಂತ ಒಂದು ಪುಟ ತಾನೇ ಬಂತು, ಕೀ ಆಫ್ ಮಾಡಿ ಒಂದು ನಿಮಿಷ ಕಾಯಿರಿ ಅಂತು. ಆಫ್ ಮಾಡ್ದೆ, ಸ್ವಲ್ಪ ಹೊತ್ತಲ್ಲಿ ಫ್ಯಾನ್ ನಿಂತ್ತು. ಆ ನಿಶ್ಶಬ್ದ ಇದ್ಯಲ್ಲ, ಶೀಟಿನ ಮೇಲೆ ಮಳೆ ಶಬ್ದ ಮತ್ತೆ ಕೇಳಿಸೋಕೆ ಶುರು ಆಯ್ತು.

ಕರೆಂಟ್ ಬರೋವರೆಗೆ ಕಾಯೋದು ಅಂತ ತೀರ್ಮಾನ ಮಾಡಿದ್ವಿ. ನಮ್ಮ ಕಡೆ ಮಳೆಗಾಲದಲ್ಲಿ ಬರೋವರೆಗೆ ಅಂದ್ರೆ ಸಂಜೆ ಆಗ್ಬಹುದು, ನಾಳಿದ್ದು ಆಗ್ಬಹುದು. ಆಗ ಆಯಿ ಕೇಳಿದ್ರು, "ಇನ್ವರ್ಟರಿಗೇ ಹಾಕಿದ್ರೆ ಆಗ್ತಿತ್ತಿಲ್ಯ?"

ಇನ್ವರ್ಟರ್ ಜಗುಲಿ ಮೂಲೇಲಿ, ಶೆಡ್ಡಿಂದ ಹದಿನೈದು ಅಡಿ. 900 ವಿಎ, ಪ್ಯೂರ್ ಸೈನ್ ವೇವ್, 150 ಎಎಚ್ ಬ್ಯಾಟರಿ. ನನ್ನ ಪವರ್ ಸಪ್ಲೈ ಪೂರ್ತಿ 30 ಆಂಪಿಯರ್ ಕೊಟ್ರೂ ಐನೂರು ವ್ಯಾಟ್ ಆಸುಪಾಸು, ಅರ್ಧ ಗಂಟೆಗೆ ಧಾರಾಳ ಸಾಕು. ಒಂಬತ್ತು ವರ್ಷ ಸಾಫ್ಟ್‌ವೇರಲ್ಲಿ ಇದ್ದವನಿಗೆ ಇದು ಹೊಳೀಲಿಲ್ಲ. ಫ್ರಿಜ್ ಆ ಲೈನಲ್ಲಿ ಇಲ್ಲ, ಲೈಟ್ ಎಲ್ಲಾ ಆಫ್ ಮಾಡಿದ್ವಿ, ಮಿಕ್ಸಿ ಮುಟ್ಬೇಡಿ ಅಂತ ಆಯಿಗೆ ಹೇಳ್ದೆ, ಮಧ್ಯಾಹ್ನದ ತಂಬುಳಿಗೆ ಕಾಯಿ ಬೀಸೋದು ಬಾಕಿ ಇತ್ತು, ಅದು ಕಾದ್ಕೊಂಡು ಕೂತಿತ್ತು. ಲ್ಯಾಪ್‌ಟಾಪಿನ ಎರಡೂ ಸೆಟ್ಟಿಂಗ್ ಬದಲಾಯಿಸಿ ಮತ್ತೆ ಸೊನ್ನೆಯಿಂದ ಶುರು. 22 ನಿಮಿಷ. ಈ ಸಲ ಫ್ಯಾನ್ ಕೂಗಿದಾಗ ಯಾರೂ ಮಾತಾಡ್ಲಿಲ್ಲ. 63 ದಾಟಿದಾಗ ಭಾವ "ದಾಟ್ತು" ಅಂದ, ಅಷ್ಟೇ. ನೂರು ಆಯ್ತು, ಕೀ ಆಫ್ ಮಾಡಿ ಆನ್ ಮಾಡಿ ಅಂತು, ಆನ್ ಮಾಡ್ದೆ, ಇಂಜಿನ್ ಲೈಟ್ ಹಳದಿ ಬಣ್ಣದಲ್ಲಿ ಬಂದು ನಿಂತ್ತು. ಆ ಲೈಟ್ ನೋಡಿ ಇಷ್ಟು ಖುಷಿ ಯಾವತ್ತೂ ಆಗಿರ್ಲಿಲ್ಲ.

ಸ್ಟಾರ್ಟ್ ಆಯ್ತು. ಎಬಿಎಸ್ ಲೈಟ್ ಮಾತ್ರ ಹೋಗ್ಲಿಲ್ಲ, ಮತ್ತೆ ಹೊಟ್ಟೆ ತೊಳಸಿತು. ಸ್ಕ್ಯಾನ್ ಮಾಡಿದ್ರೆ ಯು0100, ಅಂದ್ರೆ ಇಸಿಎಂ ಜೊತೆ ಸಂಪರ್ಕ ತಪ್ಪಿತ್ತು ಅಂತ. ಹೌದಲ್ಲ, ಅಷ್ಟು ಹೊತ್ತು ಅದು ಮಾತಾಡಿರ್ಲಿಲ್ಲ, ಉಳಿದ ಮಾಡ್ಯೂಲೆಲ್ಲ ದೂರು ಬರೆದಿಟ್ಟಿದ್ವು. ಅಳಿಸಿದೆ, ಮತ್ತೆ ಬರ್ಲಿಲ್ಲ. ಇಂಜೆಕ್ಟರ್ ಕೋಡ್ ನನ್ನ ಗಾಡೀಲಿ ಹಾಗೇ ಉಳ್ಕೊಂಡಿತ್ತು, ಡೈರಿ ಜೊತೆ ತಾಳೆ ನೋಡಿ ಬಿಟ್ಟೆ. ಮೊದ್ಲ ಎರಡು ದಿನ ಐಡಲ್ ಇನ್ನೂ ಕೆಟ್ಟದಾಗಿತ್ತು, ಕಲಿತಿದ್ದೆಲ್ಲ ಮರೆತು ಹೊಸದಾಗಿ ಕಲಿಯೋಕೆ ಟೈಮ್ ಬೇಕು ಅದಕ್ಕೆ. ಮೂರನೇ ದಿನದಿಂದ ಬೆಳಗ್ಗೆ ಸ್ಟಾರ್ಟ್ ಮಾಡಿದ್ರೆ ಮುಳ್ಳು ಒಂದೇ ಕಡೆ. ಘಟ್ಟದ ಹಿಂದೆ ಮುಂದೆ ನೋಡೋ ಚಾಳಿ ಕಮ್ಮಿ ಆಗಿದೆ, ಪೂರ್ತಿ ಹೋಗಿಲ್ಲ, ಅದು ಟರ್ಬೊ ಇಂಜಿನ್ನಿನ ಹುಟ್ಟುಗುಣ ಇರ್ಬೇಕು. ಮೈಲೇಜಲ್ಲಿ ಏನೂ ಫರಕ್ ಇಲ್ಲ. ಮೈಲೇಜ್ ಜಾಸ್ತಿ ಆಗುತ್ತೆ ಅಂತ ಯಾರಾದ್ರೂ ಹೇಳಿ ಮಾಡ್ಸಿದ್ರೆ ನಂಬೋಕೆ ಹೋಗ್ಬೇಡಿ.

ದುಡ್ಡಿನ ಲೆಕ್ಕಕ್ಕೆ ಬಂದ್ರೆ ಡಬ್ಬಿ 14 ಸಾವಿರ, ಪವರ್ ಸಪ್ಲೈ 9 ಸಾವಿರ, ಮೇಲೆ ಸಬ್‌ಸ್ಕ್ರಿಪ್ಶನ್. ಒಂದೇ ಗಾಡಿಗೆ ಒಂದೇ ಸಲ ಅಂದ್ರೆ ಇದು ನಷ್ಟ, ಹುಬ್ಬಳ್ಳಿಗೆ ಹೋಗಿ ಬನ್ನಿ, ದಾರೀಲಿ ಮುಂಡಗೋಡಲ್ಲಿ ಮೋಮೊ ತಿನ್ನಿ. ಮನೇಲಿ ಎರಡು ಮೂರು ಗಾಡಿ ಇದ್ರೆ, ನೆಂಟರಲ್ಲಿ ನಾಲ್ಕು ಗಾಡಿ ಇದ್ರೆ ಮಾತು ಬೇರೆ. ಫೋರ್ಡ್ ಇರೋರಿಗೆ ಫೋರ್‌ಸ್ಕ್ಯಾನ್ ಅಂತ ಒಳ್ಳೇ ಸಾಫ್ಟ್‌ವೇರ್ ಇದೆ, ಕೋಡ್ ಓದೋದ್ರಿಂದ ಹಿಡಿದು ಮಾಡ್ಯೂಲ್ ಸೆಟ್ಟಿಂಗ್ ತನಕ ಬರುತ್ತೆ, ಅವ್ರು ಡಬ್ಬಿ ತಗೊಳ್ಳೋಕೆ ಮುಂಚೆ ಅದನ್ನ ನೋಡ್ಲಿ. ತೀರಾ ಹೊಸ ಗಾಡಿ ಇರೋರು ಇದಕ್ಕೆ ಕೈ ಹಾಕೋದೇ ಬೇಡ, ಕೆಲವು ತಾವೇ ನೆಟ್ ಮೇಲೆ ಅಪ್‌ಡೇಟ್ ಆಗ್ತವೆ, ಕೆಲವಕ್ಕೆ ನಡುವೆ ಗೇಟ್‌ವೇ ಅಂತ ಕಾವಲುಗಾರ ಇರ್ತಾನೆ, ಹೊರಗಿನ ಡಬ್ಬೀನ ಒಳಗೆ ಬಿಡಲ್ಲ. ವಾರಂಟಿ ಇದ್ರೆ ಅಂತೂ ಸರ್ವಿಸ್ ಸೆಂಟರಿಗೇ ಕೊಡಿ, ಏನಾದ್ರೂ ಆದ್ರೆ ಜವಾಬ್ದಾರಿ ಅವ್ರದ್ದು.

ಭಾವನ ಪಿಕಪ್ಪಿಗೂ ಹೊಸ ಸಾಫ್ಟ್‌ವೇರ್ ಬಂದಿದೆ, ಐಡಿ ನೋಡಿ ನಾನೇ ಹೇಳಿದ್ದು ತಪ್ಪಾಯ್ತು. ದಿನಾ ಫೋನ್ ಮಾಡ್ತಿದಾನೆ. ದೀಪಾವಳಿ ಕಳೀಲಿ, ಮಳೆ ಪೂರ್ತಿ ಬಿಡ್ಲಿ ಅಂದಿದೀನಿ. "ಇನ್ವರ್ಟರ್ ಇದ್ದಲೋ" ಅಂತಾನೆ.